ಎಮ್ಮೆಗೆ ಜ್ವರ, ಎತ್ತಿಗೆ ಬರೆ: ಒಂದು ಹಳೇ ಗೇಮಿಂಗ್ ಪಿಸಿಯ ಪ್ರಕರಣ

"ಮಾಮ, ಆರ್‌ಎಕ್ಸ್ 6600 ತಗೊಳ್ಳಲಾ? ನನ್ನ ಕಾರ್ಡ್ ಸತ್ತೇ ಹೋಗಿದೆ."

ಅಕ್ಕನ ಮಗನಿಂದ ಈ ಮೆಸೇಜ್ ಬಂದದ್ದು 2025ರ ನವೆಂಬರ್‌ನಲ್ಲಿ. ಕಾರ್ಡ್ ಅಂದರೆ ಗ್ರಾಫಿಕ್ಸ್ ಕಾರ್ಡ್, ಪಿಸಿಯಲ್ಲಿ ಆಟದ ಚಿತ್ರ ಬಿಡಿಸುವ ಭಾಗ. ಆರ್‌ಎಕ್ಸ್ 6600 ಅಂಥದ್ದೇ ಒಂದು. ಕಾರ್ಡ್ ಏನೂ ಸತ್ತಿರಲಿಲ್ಲ. ಸತ್ತಿದ್ದರೆ ಪರದೆಯೇ ಕಪ್ಪಾಗಿರುತ್ತಿತ್ತು. ಆಟ ಎಳೆಯುತ್ತಿದೆ ಅನ್ನುವುದನ್ನು ಅವನು ಹಾಗೆ ಹೇಳಿದ್ದ, ಅಷ್ಟೇ. ಕಾಲೇಜಿನ ಜೊತೆ ಸಣ್ಣ ಪುಟ್ಟ ಕೆಲಸ ಮಾಡಿ ಒಂದಿಷ್ಟು ದುಡ್ಡು ಕೂಡಿಟ್ಟಿದ್ದ. ಅದನ್ನು 100 ಪಾಲು ಅಂದುಕೊಳ್ಳಿ. ಹೊಸ ಕಾರ್ಡಿಗೆ ಅದರಲ್ಲಿ ಸುಮಾರು 90 ಪಾಲು ಹೋಗುತ್ತಿತ್ತು.

"ಒಂದು ವಾರ ತಡಿ, ಮೊದಲು ನೋಡೋಣ" ಅಂದೆ. ಆ ಒಂದು ವಾರ ಎಳೆದು ಎರಡು ತಿಂಗಳಾಯಿತು. ಆ ಎರಡು ತಿಂಗಳ ಕಥೆ ಇದು.

ಯಂತ್ರ

ಪಿಸಿ ಜೋಡಿಸಿದ್ದು 2016ರಲ್ಲಿ. ಇಂಟೆಲ್ ಐ5-6500 ಪ್ರೊಸೆಸರ್, ಅಂದರೆ 4 ಕೋರ್ (ಲೆಕ್ಕ ಮಾಡುವ ಘಟಕ), 4 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). ಎಚ್110 ಚಿಪ್‌ಸೆಟ್‌ನ ಮದರ್‌ಬೋರ್ಡ್. ಬೋರ್ಡಿಗೆ ಏನೇನು ಹೊಂದುತ್ತದೆ ಅನ್ನುವುದು ಈ ಚಿಪ್‌ಸೆಟ್ ಮೇಲೆ ನಿಂತಿರುತ್ತದೆ. 8 ಜಿಬಿ ಡಿಡಿಆರ್4 ರ‍್ಯಾಮ್, ಅದೂ ಒಂದೇ ಸ್ಟಿಕ್. 1 ಟಿಬಿ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್‌ಗೆ ಜಿಟಿಎಕ್ಸ್ 1060, 6 ಜಿಬಿಯದ್ದು. ಒಂದು ಕಾಲಕ್ಕೆ ಪಿಸಿ ಆಟ ಮಾರುವ ತಾಣ ಸ್ಟೀಮ್‌ನ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದ ಕಾರ್ಡ್ ಅದು. ಮಾನಿಟರ್ ಮಾತ್ರ ಎರಡು ವರ್ಷದ ಹಿಂದೆ ಕೊಂಡಿದ್ದು, 1080ಪಿ, 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದ್ದು.

ಅವನಿಗೆ ತಲೆನೋವಾಗಿದ್ದು ಸೈಬರ್‌ಪಂಕ್ 2077 ಅನ್ನುವ ಆಟ. ಅದರ ಕನಿಷ್ಠ ಅಗತ್ಯಗಳ ಪಟ್ಟಿ 2023ರಲ್ಲಿ ಬದಲಾಗಿದೆ. ಅದನ್ನು ತೆಗೆದು ಓದು ಅಂದೆ. "ಜಿಟಿಎಕ್ಸ್ 1060 6 ಜಿಬಿ ಅಂತ ಇದೆ ಮಾಮ. ನನ್ನ ಹತ್ರ ಅದೇ ಇದೆಯಲ್ಲ, ಅಂದ್ರೆ ಕನಿಷ್ಠದಲ್ಲೇ ಇದೀನಿ, ಅದಕ್ಕೇ ಎಳೀತಿದೆ" ಅಂದ.

"ಉಳಿದ ಸಾಲೂ ಓದೋ."

ಓದಿದ. ಪ್ರೊಸೆಸರ್ ಐ7-6700. ರ‍್ಯಾಮ್ 12 ಜಿಬಿ. ಡಿಸ್ಕ್ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್. ನಾಲ್ಕು ಸಾಲಿನಲ್ಲಿ ಅವನ ಪಿಸಿ ಪಾಸಾಗಿದ್ದು ಒಂದರಲ್ಲಿ ಮಾತ್ರ. ಅವನು ಬದಲಿಸಲು ಹೊರಟಿದ್ದು ಆ ಒಂದನ್ನೇ! ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವುದು ಅಂತಾರಲ್ಲ, ಸರಿಯಾಗಿ ಅದೇ.

ಆದರೆ ಪಟ್ಟಿ ನೋಡಿ ತೀರ್ಪು ಕೊಡುವುದೂ ಊಹೆಯೇ. ಆಟ ಓಡುವಾಗ ಒಳಗೆ ಏನಾಗುತ್ತಿದೆ ಎಂದು ನೋಡಬೇಕಿತ್ತು.

ಎಳೆಯುವುದು ಅಂದರೇನು?

ಎಳೆಯುತ್ತಿದೆ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ರೋಗಗಳಿರುತ್ತವೆ. ಒಂದು, ಫ್ರೇಮ್‌ಗಳೇ (ಪರದೆ ಮೇಲೆ ಒಂದರ ಹಿಂದೆ ಒಂದು ಬರುವ ಚಿತ್ರಗಳು) ಕಡಿಮೆ, ಆಟ ಪೂರ್ತಿ ನಿಧಾನ. ಎರಡು, ಫ್ರೇಮ್‌ಗಳ ಸರಾಸರಿ ಪರವಾಗಿಲ್ಲ, ಆದರೆ ನಡುನಡುವೆ ಗಕ್ಕನೆ ನಿಲ್ಲುತ್ತದೆ. ಮೂರು, ಇಂಟರ್ನೆಟ್ ನಿಧಾನ. ಇದಕ್ಕೂ ಪಿಸಿಗೂ ಸಂಬಂಧವೇ ಇಲ್ಲ. ಇವನ ದೂರು ಕೇಳುತ್ತಾ ಹೋದರೆ ಎರಡನೆಯದು ಅಂತ ಗೊತ್ತಾಯಿತು. "ಕಾರಲ್ಲಿ ಹೋಗ್ತಾ ಇರ್ತೀನಿ, ತಿರುವಲ್ಲಿ ನಿಂತೇ ಬಿಡುತ್ತೆ. ಆಮೇಲೆ ನೋಡಿದ್ರೆ ಗೋಡೆಗೆ ಗುದ್ದಿರ್ತೀನಿ."

ಇಂಥದ್ದನ್ನು ಸರಾಸರಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ, ಹೇಳುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮ್ ಸುಮಾರು 16.7 ಮಿಲಿಸೆಕೆಂಡಿನಲ್ಲಿ ತಯಾರಾಗಬೇಕು. 59 ಫ್ರೇಮ್ ಬೇಗ ಬಂದು ಒಂದು ಮಾತ್ರ 300 ಮಿಲಿಸೆಕೆಂಡ್ ತಗೊಂಡರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಕಣ್ಣಿಗೆ ಮಾತ್ರ ಆ ಒಂದೇ ಕಾಣುತ್ತದೆ. ಅದಕ್ಕೇ ಸರಾಸರಿಯ ಜೊತೆ '1% ಲೋ' ಅನ್ನುವ ಲೆಕ್ಕ ನೋಡಬೇಕು. ಅತಿ ನಿಧಾನವಾದ ನೂರಕ್ಕೆ ಒಂದು ಪಾಲು ಫ್ರೇಮ್‌ಗಳ ವೇಗ ಎಷ್ಟು ಅನ್ನುವುದೇ ಅದು.

ಇದನ್ನೆಲ್ಲ ಅಳೆಯಲು ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಕ್ಯಾಪ್‌ಫ್ರೇಮ್‌ಎಕ್ಸ್ ಅನ್ನುವ ತಂತ್ರಾಂಶಗಳನ್ನು ಹಾಕಿಸಿದೆ. ಎರಡೂ ಉಚಿತ. ಆಟದೊಳಗೇ ಒಂದು ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಇದೆ, ಆದರೆ ಇವನ ತೊಂದರೆ ಇದ್ದದ್ದು ಜನ ತುಂಬಿದ ಬೀದಿಯಲ್ಲಿ. ಆದ್ದರಿಂದ ಮಾರ್ಕೆಟ್ಟಿನಿಂದ ಶುರುವಾಗಿ ಒಂದು ಸುತ್ತು ಹೊಡೆಯುವ ದಾರಿ ಗೊತ್ತು ಮಾಡಿಕೊಂಡೆವು. ಅದೇ ಸೇವ್ ಫೈಲ್, ಅದೇ ದಾರಿ, ಮೂರು ಸಲ. ಪ್ರತಿ ಬದಲಾವಣೆ ಆದಮೇಲೂ ಇದೇ ಸುತ್ತು. ಹುಡುಗನಿಗೆ ಕೊನೆಗೆ ಆ ಬೀದಿಯ ಕಂಬ ಕಂಬವೂ ಬಾಯಿಪಾಠವಾಗಿತ್ತು.

ಮೊದಲ ಸುತ್ತಿನ ಲೆಕ್ಕ: ಸರಾಸರಿ 38, 1% ಲೋ 11. ಪ್ರೊಸೆಸರ್‌ನ ನಾಲ್ಕೂ ಕೋರ್ 100% ಕೆಲಸದಲ್ಲಿ. ರ‍್ಯಾಮ್ ಪೂರ್ತಿ ತುಂಬಿ, ಮಿಕ್ಕಿದ್ದು ಹಾರ್ಡ್ ಡಿಸ್ಕಿನ ಪೇಜ್ ಫೈಲ್‌ಗೆ ಹರಿಯುತ್ತಿತ್ತು. ಡಿಸ್ಕ್ ಕೂಡ 100%. ಮತ್ತೆ ಸತ್ತೇ ಹೋಗಿದೆ ಅಂದಿದ್ದ ಕಾರ್ಡ್? 60ರಿಂದ 75%. ಅದು ಕೈಕಟ್ಟಿ ಕೂತು ಉಳಿದವರಿಗಾಗಿ ಕಾಯುತ್ತಿತ್ತು.

ಖಾತ್ರಿಗೆ ಇನ್ನೊಂದು ಪರೀಕ್ಷೆ ಮಾಡಿದೆವು. ಇದು ಯಾರು ಬೇಕಾದರೂ ಎರಡು ನಿಮಿಷದಲ್ಲಿ ಮಾಡಬಹುದಾದ್ದು. ರೆಸಲ್ಯೂಶನ್ 1080ಪಿಯಿಂದ 720ಪಿಗೆ ಇಳಿಸಿ ಮತ್ತೆ ಅದೇ ಸುತ್ತು ಹೊಡೆಯಿರಿ. ಕಾರ್ಡಿಗೆ ಬಿಡಿಸಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಕಾರ್ಡಿನದ್ದೇ ತಪ್ಪಾಗಿದ್ದರೆ ಎಫ್‌ಪಿಎಸ್ ಜಿಗಿಯಬೇಕು. ಇವನದ್ದು 38ರಿಂದ 39ಕ್ಕೆ ಹೋಯಿತು. ಇನ್ನು ಆರ್‌ಎಕ್ಸ್ 6600 ತಂದಿದ್ದರೂ ಅಷ್ಟೇ ಅಲ್ವಾ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಒಂದು ಪೈಸೆಯೂ ಇಲ್ಲದ ಕೆಲಸಗಳು

ಕೇಸ್ ತೆರೆದಾಗ ಒಳಗೆ ಕಂಡದ್ದು ಕಂಬಳಿ. ಒಂಬತ್ತು ವರ್ಷದ ಧೂಳು ಹೀಟ್‌ಸಿಂಕ್‌ನ ಸಂದುಗಳಲ್ಲಿ ಕೂತು ಗಟ್ಟಿಯಾಗಿತ್ತು. ಆಟದ ನಡುವೆ ಪ್ರೊಸೆಸರ್ 97 ಡಿಗ್ರಿ ಮುಟ್ಟಿ, ಆಮೇಲೆ 100ರ ಮಿತಿ ತಾಗಿ, ಕ್ಲಾಕ್, ಅಂದರೆ ತನ್ನ ಓಟದ ವೇಗ, ತಾನೇ ಇಳಿಸಿಕೊಳ್ಳುತ್ತಿತ್ತು. 3.3 ಗಿಗಾಹರ್ಟ್ಸ್ ಓಡಬೇಕಾದ್ದು ಆಗಾಗ 2.6ಕ್ಕೆ ಬೀಳುತ್ತಿತ್ತು. ಬರೀ ಧೂಳಿಗೆ ಇಷ್ಟು ಬಿಸಿ ಆಗಲಾರದು ಅನಿಸಿ ಟಾರ್ಚ್ ಹಾಕಿ ನೋಡಿದೆ. ಕೂಲರ್ ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಕಿತ್ತು ಬಂದಿತ್ತು. ಕೂಲರ್ ಒಂದು ಮೂಲೆ ಎತ್ತಿಕೊಂಡು ನಿಂತಿತ್ತು. ಯಾವಾಗಿನಿಂದ ಹಾಗಿತ್ತೋ. ತೆಗೆದು ನೋಡಿದರೆ ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹಳೇ ಗೋಡೆಯ ಸುಣ್ಣದಂತೆ ಹಕ್ಕಳೆ ಹಕ್ಕಳೆಯಾಗಿ ಉದುರಿತು.

ಬ್ರಷ್ಷಿನಿಂದ ಧೂಳು ತೆಗೆದು, ಗಾಳಿ ಹೊಡೆದೆವು. ಗಾಳಿ ಹೊಡೆಯುವಾಗ ಫ್ಯಾನ್ ಬೆರಳಲ್ಲಿ ಹಿಡಿದುಕೊಳ್ಳಬೇಕು, ಬುಗುರಿಯ ಹಾಗೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ನನ್ನ ಹತ್ತಿರ ಉಳಿದಿದ್ದ ಪೇಸ್ಟನ್ನೇ ಅವರೆಕಾಳಿನಷ್ಟು ಹಾಕಿ, ಕೂಲರ್ ನಾಲ್ಕೂ ಮೂಲೆ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಪ್ರೊಸೆಸರ್ 72 ಡಿಗ್ರಿಗೆ ಇಳಿಯಿತು. ಸುತ್ತಿನ ಲೆಕ್ಕ: ಸರಾಸರಿ 41, ಲೋ 14.

ಇದೇ ಹೊತ್ತಿಗೆ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಬ್ಯಾಟರಿ ಮುಗಿದಿರುವುದೂ ಗೊತ್ತಾಯಿತು. ಪ್ಲಗ್ ತೆಗೆದರೆ ಗಡಿಯಾರ ಹಿಂದಕ್ಕೆ ಓಡಿಹೋಗುತ್ತಿತ್ತು. "ಅದು ಯಾವಾಗ್ಲೂ ಹಾಗೇ ಮಾಮ" ಅಂದ ಮಹಾರಾಯ. ಸಿಆರ್2032 ಅನ್ನುವ ಬಿಲ್ಲೆ ಬ್ಯಾಟರಿ, ಟಿವಿ ರಿಮೋಟಿನ ಸೆಲ್‌ನಷ್ಟೇ ಅಗ್ಗ.

ಇನ್ನೊಂದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. 144 ಹರ್ಟ್ಸ್ ಮಾನಿಟರ್ ಅಂದೆನಲ್ಲ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದರೆ ಅಲ್ಲಿ 60 ಹರ್ಟ್ಸ್ ಇತ್ತು. ಎರಡು ವರ್ಷ ಅವನು ಅದನ್ನು 60ರಲ್ಲೇ ನೋಡಿದ್ದಾನೆ, ಸ್ನೇಹಿತರಿಗೆ 144 ಅಂತ ಹೇಳಿಕೊಂಡೂ ಬಂದಿದ್ದಾನೆ. ಸೈಬರ್‌ಪಂಕ್‌ಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಅವನು ಆಡುವ ಇನ್ನೊಂದು ಆಟ ಕೌಂಟರ್-ಸ್ಟ್ರೈಕ್ 2ರಲ್ಲಿ ಆ ಸಂಜೆಯೇ ವ್ಯತ್ಯಾಸ ಕಂಡಿತು.

ಆಟದ ಸೆಟ್ಟಿಂಗ್‌ಗಳಲ್ಲೂ ಒಂದು ತಪ್ಪು ತಿಳಿವಳಿಕೆ ಇತ್ತು. ಇವನು ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ವಿವರ), ನೆರಳು ಎಲ್ಲವನ್ನೂ ತಳಕ್ಕೆ ಇಳಿಸಿ ಆಟವನ್ನು ಮಸುಕು ಮಾಡಿಟ್ಟಿದ್ದ. ಅವು ಹೆಚ್ಚಾಗಿ ಕಾರ್ಡಿನ ಹೊರೆ, ಕಾರ್ಡಿಗೋ ಬಿಡುವಿತ್ತು. ಎಫ್‌ಎಸ್‌ಆರ್ ಹಾಕಿದರೂ ಏನೂ ಆಗುತ್ತಿಲ್ಲ ಅನ್ನುವುದು ಅವನ ಇನ್ನೊಂದು ದೂರು. ಎಫ್‌ಎಸ್‌ಆರ್ ಮಾಡುವುದು ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುವ ಕೆಲಸ. ಅದರಿಂದ ಉಳಿಯುವುದು ಕಾರ್ಡಿನ ಶ್ರಮ, ಪ್ರೊಸೆಸರ್‌ನದ್ದಲ್ಲ. ಪ್ರೊಸೆಸರ್‌ಗೆ ಭಾರವಾದ ಮುಖ್ಯ ಸೆಟ್ಟಿಂಗ್ ಬೀದಿಯ ಜನಸಂದಣಿ. ಅದು ಗ್ರಾಫಿಕ್ಸ್ ಪುಟದಲ್ಲಿ ಇಲ್ಲವೇ ಇಲ್ಲ, ಗೇಮ್‌ಪ್ಲೇ ಪುಟದಲ್ಲಿ ಅಡಗಿ ಕೂತಿದೆ. ಅದನ್ನು ಇಳಿಸಿದೆವು, ಟೆಕ್ಸ್ಚರ್ ಮೇಲಕ್ಕೆ ತಂದೆವು. ಆಟ ನೋಡಲು ಮೊದಲಿಗಿಂತ ಚೆನ್ನಾಯಿತು, ವೇಗ ಕಡಿಮೆಯಾಗಲಿಲ್ಲ.

ಬೇಡ ಅಂದ ದಾರಿಗಳು

ಎಲ್ಲವನ್ನೂ ಬದಲಿಸಿದರೆ? ಮದರ್‌ಬೋರ್ಡ್, ಪ್ರೊಸೆಸರ್ ಎರಡನ್ನೂ ಎಎಂಡಿ ಕಂಪನಿಯ ಎಎಂ4 ಬೋರ್ಡಿಗೆ, ರೈಜೆನ್ 5 5600 ಪ್ರೊಸೆಸರ್‌ಗೆ ಬದಲಿಸುವುದು ಒಳ್ಳೇ ದಾರಿಯೇ. ಹಳೇ ಡಿಡಿಆರ್4 ರ‍್ಯಾಮ್ ಅದಕ್ಕೂ ಹೊಂದುತ್ತದೆ. ಆದರೆ ರ‍್ಯಾಮ್ ಹೇಗೂ ಸಾಲದು, ಎಸ್‌ಎಸ್‌ಡಿ ಬೇರೆ ಬೇಕು. ಲೆಕ್ಕ 130 ಪಾಲು ದಾಟಿತು. ದುಡ್ಡಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ.

ಅವನೇ ಹುಡುಕಿ ತಂದ ಇನ್ನೊಂದು ಉಪಾಯ 6 ಕೋರಿನ ಐ5-8400. "ಸಾಕೆಟ್ ಒಂದೇ ಮಾಮ, ಎರಡೂ ಎಲ್‌ಜಿಎ 1151." ಹೌದು, ಪ್ರೊಸೆಸರ್ ಕೂರುವ ಆ ಸಾಕೆಟ್‌ನ ಹೆಸರೂ ಒಂದೇ, ಆಕಾರವೂ ಒಂದೇ. ಆದರೆ 8ನೇ ಪೀಳಿಗೆಗೆ 300 ಸರಣಿಯ ಚಿಪ್‌ಸೆಟ್ ಬೇಕು. ಎಚ್110ರಲ್ಲಿ ಅದು ಏಳುವುದಿಲ್ಲ. ಈ ಬೋರ್ಡಿನ ದಾರಿ 7ನೇ ಪೀಳಿಗೆಗೆ ಮುಗಿಯುತ್ತದೆ, ಅದಕ್ಕೂ ಬಯೋಸ್ ಅಪ್‌ಡೇಟ್ ಬೇಕಾಗಬಹುದು. ಇಂಥ ಹೆಸರಿನ ಗೊಂದಲದಲ್ಲಿ ದುಡ್ಡು ಕಳಕೊಂಡವರನ್ನು ನಾನು ನೋಡಿದ್ದೇನೆ.

ಕಾರ್ಡ್ ಬದಲಿಸಲೇಬೇಕು ಅಂದಿದ್ದರೆ ಅದಕ್ಕೂ ಬೇರೆ ಖರ್ಚಿತ್ತು. ಅವನ ಹಳೇ ಪವರ್ ಸಪ್ಲೈನಲ್ಲಿ ಇರುವುದು ಒಂದೇ 6 ಪಿನ್ ಕೇಬಲ್. 120 ವ್ಯಾಟ್‌ನ 1060ಗೆ ಅದು ಸಾಕು. ಆರ್‌ಎಕ್ಸ್ 6600 ಕೇಳುವುದು ಸಾಮಾನ್ಯವಾಗಿ 8 ಪಿನ್. ಅಡಾಪ್ಟರ್ ಸಿಕ್ಕಿಸಿ ಓಡಿಸುವವರಿದ್ದಾರೆ, ಒಂಬತ್ತು ವರ್ಷದ ಪವರ್ ಸಪ್ಲೈ ಮೇಲೆ ಆ ಸಾಹಸಕ್ಕೆ ನಾನಂತೂ ಒಪ್ಪುವುದಿಲ್ಲ. ಅಗ್ಗ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಹೋಗುವುದು ಇನ್ನೂ ಕೆಟ್ಟದ್ದು. ಅದಕ್ಕೆ ಇರುವುದು 4 ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಸಾಗುವ ದಾರಿ) ಮಾತ್ರ. ಪಿಸಿಐಇ 4.0 ಇರುವ ಹೊಸ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ, ನಮ್ಮದರಂಥ ಹಳೇ 3.0 ಬೋರ್ಡಿನಲ್ಲಿ ಅದರ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಮೆಮೊರಿಯೂ 4 ಜಿಬಿ, ಇರುವ 6ಕ್ಕಿಂತ ಕಡಿಮೆ.

ಕೊಂಡದ್ದು, ಒಂದೊಂದಾಗಿ

ಮೊದಲು ರ‍್ಯಾಮ್. ಎರಡು ಕಾರಣಕ್ಕೆ. ಒಂದು, 8 ಜಿಬಿ ಸಾಲುತ್ತಿಲ್ಲ ಅನ್ನುವುದು ಕಣ್ಣಿಗೇ ಕಂಡಿತ್ತು. ಎರಡು, ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್ ಮತ್ತು ಮೆಮೊರಿ ನಡುವಿನ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ. ಡಿಡಿಆರ್4-2133ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 17 ಜಿಬಿ ಸಾಗಿಸುತ್ತದೆ, ಎರಡು ಹಾಕಿದರೆ 34. ಈ ಬೋರ್ಡಿನಲ್ಲಿ 6ನೇ ಪೀಳಿಗೆಯ ಪ್ರೊಸೆಸರ್ ಇದ್ದರೆ 2133ಕ್ಕಿಂತ ಜೋರಾಗಿ ಓಡುವುದಿಲ್ಲ. ಆದ್ದರಿಂದ 3200ರ ಹೊಳೆಯುವ ಸ್ಟಿಕ್‌ಗೆ ಜಾಸ್ತಿ ದುಡ್ಡು ಕೊಡುವುದು ಸುಮ್ನೆ ದಂಡ.

ಆಗ ಹೊಸ ರ‍್ಯಾಮ್ ಬೆಲೆ ಏರತೊಡಗಿತ್ತು, ಹಾಗಾಗಿ ಬಳಸಿದ್ದನ್ನೇ ಹುಡುಕಿದೆವು. ಮೊದಲು ತಂದ ಸ್ಟಿಕ್ ಹಾಕಿದೊಡನೆ ವಿಂಡೋಸ್ ಎದ್ದಿತು, 16 ಜಿಬಿ ತೋರಿಸಿತು. ಅವನು ಕುಣಿದಾಡಿದ. ನಾನು ಪೆನ್ ಡ್ರೈವಿನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಡು ಅಂದೆ. ಬೆಳಿಗ್ಗೆ ಪರದೆ ತುಂಬಾ ಕೆಂಪು ಸಾಲುಗಳು. ಮಾರಿದವರು ಸ್ವಲ್ಪ ವಾದ ಮಾಡಿದರೂ, ಫೋಟೋ ತೋರಿಸಿದ ಮೇಲೆ ವಾಪಸ್ ತಗೊಂಡರು. ಈ ಪರೀಕ್ಷೆ ಮಾಡದೆ ಬಿಟ್ಟಿದ್ದರೆ ಆಟ ಆಗಾಗ ತಾನೇ ಮುಚ್ಚಿಕೊಳ್ಳುತ್ತಿತ್ತು, ಅಪವಾದ ಮತ್ತೆ ಕಾರ್ಡಿನ ತಲೆಗೇ ಬರುತ್ತಿತ್ತು. ಎರಡನೇ ಸ್ಟಿಕ್ ಬೇರೆ ಕಂಪನಿಯದ್ದು, ಅಳತೆ ಮಾತ್ರ ಅದೇ 8 ಜಿಬಿ. ನಾಲ್ಕು ಸುತ್ತು ತಪ್ಪಿಲ್ಲದೆ ಮುಗಿಸಿತು. 12 ಪಾಲು ಖರ್ಚು. ಸರಾಸರಿ 45, ಲೋ 26.

ಇಡೀ ಪ್ರಕರಣದಲ್ಲಿ ಲೋ ಲೆಕ್ಕದ ಅತಿ ದೊಡ್ಡ ಜಿಗಿತ ಇದೇ. ಸರಾಸರಿ ಏರಿದ್ದು ಬರೀ 4. ಆದರೆ ತಿರುವಿನಲ್ಲಿ ನಿಲ್ಲುವುದು ಬಹುಪಾಲು ನಿಂತಿತು.

ಆಮೇಲೆ ಎಸ್‌ಎಸ್‌ಡಿ, 500 ಜಿಬಿ, ಹೊಸದು, 22 ಪಾಲು. ಈ ಬೋರ್ಡಿನಲ್ಲಿ ಎಂ.2 ಜಾಗವಿಲ್ಲ, ಅಂದರೆ ಎನ್‌ವಿಎಂಇ ಅನ್ನುವ ಇನ್ನೂ ವೇಗದ ಎಸ್‌ಎಸ್‌ಡಿ ನೇರವಾಗಿ ಕೂರುವ ಸ್ಲಾಟ್. ಅಡಾಪ್ಟರ್ ಕಾರ್ಡ್ ಹಾಕಿ ಎನ್‌ವಿಎಂಇ ಕೂರಿಸೋಣ ಅಂತ ಅವನ ಹಟ. ಲೆಕ್ಕ ಹಾಕಿ ತೋರಿಸಿದೆ. ಖಾಲಿ ಇರುವ ಚಿಕ್ಕ ಸ್ಲಾಟ್ ಪಿಸಿಐಇ 2.0ದ ಒಂದೇ ಲೇನ್, ಅಂದರೆ ಸೆಕೆಂಡಿಗೆ 500 ಎಂಬಿ ಮೇಲ್ಮಿತಿ. ಹಾರ್ಡ್ ಡಿಸ್ಕಿನ ಹಾಗೆ ಕೇಬಲ್‌ನಲ್ಲಿ ಜೋಡಿಸುವ ಸಾಟಾ ಎಸ್‌ಎಸ್‌ಡಿಯೇ 550ರ ಹತ್ತಿರ ಕೊಡುತ್ತದೆ. ಸುತ್ತು ಬಳಸಿ ಹೋಗಿ ಹಿಂದೆ ಬೀಳುವುದು ಯಾಕೆ? ಹಳೇ ವಿಂಡೋಸ್ ನಕಲು ಮಾಡದೆ ಹೊಸದಾಗಿ ಹಾಕಿದೆವು. ಹಾರ್ಡ್ ಡಿಸ್ಕ್ ಫೋಟೋ, ಸಿನಿಮಾಗಳಿಗೆ ಉಳಿಯಿತು. ಆಟ ತೆರೆದುಕೊಳ್ಳಲು ಒಂದೂವರೆ ನಿಮಿಷ ಬೇಕಿದ್ದದ್ದು 25 ಸೆಕೆಂಡಾಯಿತು. ಸರಾಸರಿ ಅದೇ 45, ಲೋ 31. ಎಸ್‌ಎಸ್‌ಡಿ ಹಾಕಿದರೆ ಎಫ್‌ಪಿಎಸ್ ಏರುತ್ತದೆ ಅನ್ನುವವರಿಗೆ ಈ ಸಾಲು ತೋರಿಸಬೇಕು.

ಕೊನೆಗೆ ಪ್ರೊಸೆಸರ್. ಬಳಸಿದ ಐ7-6700, 24 ಪಾಲು. ಕೋರ್ ಅದೇ 4, ಆದರೆ ಥ್ರೆಡ್ 8. ಟರ್ಬೊ, ಅಂದರೆ ಅದು ಏರಬಲ್ಲ ಗರಿಷ್ಠ ವೇಗ, 3.6ರ ಬದಲು 4.0 ಗಿಗಾಹರ್ಟ್ಸ್. ಬೇಕಾಗುವ ವಿದ್ಯುತ್ ಎರಡಕ್ಕೂ ಒಂದೇ, 65 ವ್ಯಾಟ್ ದರ್ಜೆ. ಹಾಗಾಗಿ ಈ ಸಾದಾ ಬೋರ್ಡಿಗೆ ಹೊರೆಯಾಗುವುದಿಲ್ಲ. ಐ7-7700 ಇನ್ನೂ ಸ್ವಲ್ಪ ಜೋರು, ಆದರೆ ಅದಕ್ಕೆ ಕೇಳುತ್ತಿದ್ದ ಬೆಲೆಗೂ ಸಿಗುವ ಲಾಭಕ್ಕೂ ತಾಳೆಯೇ ಆಗಲಿಲ್ಲ. ಹಳೇ ಕೂಲರ್‌ನ ಕಿತ್ತುಬಂದಿದ್ದ ಪಿನ್ ಈ ಸಲ ಪೂರ್ತಿ ಮುರಿಯಿತು, ಸಣ್ಣ ಟವರ್ ಕೂಲರ್‌ಗೆ 8 ಪಾಲು ಹೋಯಿತು. ಈ ಪೀಳಿಗೆಯಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡಿನ ಸಾಕೆಟ್‌ನಲ್ಲಿ. ಅಲ್ಲಿ ಒಂದು ಸ್ಕ್ರೂ ಬಿದ್ದರೂ ಕಥೆ ಮುಗಿಯಿತು. ಆ ಐದು ನಿಮಿಷ ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದ. ನಾನೂ ಅಷ್ಟೇ, ತೋರಿಸಿಕೊಳ್ಳಲಿಲ್ಲ.

ಸರಾಸರಿ 49, ಲೋ 39. ಮತ್ತು ಮೊದಲ ಸಲ, ಕಾರ್ಡ್ 98%.

ಈಗ ಕಾರ್ಡಿನ ಸರದಿ ಬಂದಿತ್ತು. ಆಗ ಏನೂ ಮಾಡದಿದ್ದ ಎಫ್‌ಎಸ್‌ಆರ್ ಅನ್ನೇ ಮತ್ತೆ ಹಾಕಿದೆವು, ಕ್ವಾಲಿಟಿ ಮೋಡ್‌ನಲ್ಲಿ. ಅದರಲ್ಲಿ ಒಳಗೆ ಚಿತ್ರ ತಯಾರಾಗುವುದು 1280×720ರಲ್ಲಿ. ಸರಾಸರಿ 58, ಲೋ 43. ದೂರದ ಬೋರ್ಡುಗಳ ಅಕ್ಷರ ಸ್ವಲ್ಪ ಮಸುಕು, ಅವನಿಗೆ ಅದು ಬೇಜಾರಿಲ್ಲ.

ಉಳಿದ ತೊಂದರೆಗಳು

ಒಟ್ಟು ಖರ್ಚು 66 ಪಾಲು. ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ 8ನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್‌ಗಳನ್ನು. ನಮ್ಮ ಐ7 ಆ ಪಟ್ಟಿಯಲ್ಲಿಲ್ಲ. ಸದ್ಯಕ್ಕೆ ಮೈಕ್ರೋಸಾಫ್ಟ್‌ನ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಸೇರಿಸಿದ್ದೇನೆ, ಅದು 2026ರ ಅಕ್ಟೋಬರ್‌ವರೆಗೆ. ಕಾರ್ಡಿನ ಪಾಡೂ ಹೆಚ್ಚುಕಮ್ಮಿ ಅದೇ. ಈ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ ಬಿಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. 2028ರವರೆಗೆ ಮೂರು ತಿಂಗಳಿಗೊಮ್ಮೆ ಭದ್ರತಾ ಅಪ್‌ಡೇಟ್ ಮಾತ್ರ ಬರುತ್ತದೆ. ಅಂದರೆ ನಾವು ಕೊಂಡದ್ದು ಒಂದೆರಡು ವರ್ಷದ ಕಾಲಾವಕಾಶ. ಎಸ್‌ಎಸ್‌ಡಿಯೂ ರ‍್ಯಾಮೂ ಮುಂದೆ ಎಎಂ4ಗೆ ಹೋದರೂ ಜೊತೆಗೆ ಬರುತ್ತವೆ. ನಿಜವಾಗಿ ಹೊಳೆಗೆ ಹಾಕಿದ ದುಡ್ಡು ಅಂದರೆ ಐ7ಗೆ ಕೊಟ್ಟ 24 ಪಾಲು. ಅದನ್ನು ಬಿಡಬಹುದಿತ್ತೇನೋ ಅಂತ ನನಗೆ ಈಗಲೂ ಅನಿಸುತ್ತದೆ. ಅವನು ಒಪ್ಪುವುದಿಲ್ಲ.

ಜನವರಿಯಲ್ಲಿ ಮತ್ತೆ ಮೆಸೇಜ್ ಬಂತು. "ಮಾಮ, ಈಗ ಕಾರ್ಡ್ 98% ಅಲ್ವಾ? ಇನ್ನೂ 34 ಪಾಲು ಉಳಿದಿದೆ, ಸ್ವಲ್ಪ ಸೇರಿಸಿ ಆರ್‌ಎಕ್ಸ್ 6600 ತಗೊಳ್ಳಲಾ?"

ಈ ಸಲ ಬೇಡ ಅನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಮೊದಲು ಪವರ್ ಸಪ್ಲೈ ತಗೋ ಅಂದೆ.